ಹೊಕ್ಕುಳಬಳ್ಳಿ ರಕ್ತಕ್ಕೆ 65 ಸಾವಿರ ಕಟ್ಟಬೇಕಾ?

ಪ್ರಶ್ನೆ: ಡಾಕ್ಟ್ರೇ, ನನಗೀಗ ಏಳು ತಿಂಗಳು, ಚೊಚ್ಚಲು. ಚೆಕಪ್‌ಗೆ ಹೋದಾಗಲೆಲ್ಲ ಹೊರಗಡೆ ಒಬ್ಬರು ಫೈಲ್ ಹಿಡಿದು ಕೂತಿರುತ್ತಾರೆ. ಮಗು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ರಕ್ತ ತೆಗೆದು 75 ವರ್ಷ ಇಡುತ್ತಾರಂತೆ, 80 ಕಾಯಿಲೆಗೆ ಅದೇ ಔಷಧಿಯಂತೆ. 65 ಸಾವಿರ ರೂಪಾಯಿ, ಇಎಂಐ ಕೂಡ ಇದೆ. ನನ್ನ ಗಂಡನಿಗೆ ಮನಸ್ಸಿಲ್ಲ. ಅತ್ತೆ ಮಾತ್ರ "ಮಗುವಿನ ವಿಷಯಕ್ಕೂ ದುಡ್ಡು ನೋಡ್ತೀರಾ" ಅಂತಾರೆ. ನಮ್ಮಿಬ್ಬರ ಮನೆಯಲ್ಲೂ ಯಾರಿಗೂ ರಕ್ತದ ಕಾಯಿಲೆ ಇಲ್ಲ. ಆದರೂ ನಾಳೆ ಏನಾದರೂ ಆದರೆ, ಅವತ್ತು ಇಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿದರೆ? ಅದೇ ಭಯ.
— ಹೆಸರು ಬೇಡ, ದಾವಣಗೆರೆ

ಉತ್ತರ: ಇಡುವುದು ಬೇಡಮ್ಮ. ಈ ವಿಷಯದಲ್ಲಿ ನಿಮ್ಮ ಯಜಮಾನರ ಕಡೆಗೇ ನನ್ನ ಓಟು. ನಾನೊಬ್ಬ ಹೇಳುತ್ತಿರುವುದೂ ಅಲ್ಲ. ದೇಶದ ವೈದ್ಯಕೀಯ ಸಂಶೋಧನೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲೇ, ಮುಂದೆ ಸ್ವಂತಕ್ಕೆ ಬೇಕಾದೀತು ಅಂತ ಖಾಸಗಿಯಾಗಿ ಎತ್ತಿಡುವುದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂದಿದೆ. 2018ರಲ್ಲಿ ಮಕ್ಕಳ ವೈದ್ಯರ ಸಂಘ ಐಎಪಿ ಕೂಡ, ಇದನ್ನು ಮಗುವಿನ "ಇನ್ಶೂರೆನ್ಸ್" ಅಂತ ಮಾರುವುದು ಸರಿಯಲ್ಲ ಅಂತ ಹೇಳಿತು. ಮಗು ತನ್ನದೇ ಹೊಕ್ಕುಳಬಳ್ಳಿ ರಕ್ತವನ್ನು ಮೊದಲ 20 ವರ್ಷದಲ್ಲಿ ಬಳಸುವ ಸಾಧ್ಯತೆ 0.04ರಿಂದ 0.0005 ಪರ್ಸೆಂಟ್. ಅಂದರೆ ತುಂಬಾ ಧಾರಾಳವಾಗಿ ಲೆಕ್ಕ ಹಾಕಿದರೂ 2,500 ಮಕ್ಕಳಲ್ಲಿ ಒಂದು, ಬಿಗಿಯಾಗಿ ಹಾಕಿದರೆ 2 ಲಕ್ಷಕ್ಕೆ ಒಂದು.

ಫೈಲ್‌ನವರು ಹೇಳುವ "80 ಕಾಯಿಲೆ" ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಹೊಕ್ಕುಳಬಳ್ಳಿ ರಕ್ತದಲ್ಲಿ ಹೊಸ ರಕ್ತಕಣ ಹುಟ್ಟಿಸುವ ಸ್ಟೆಮ್ ಸೆಲ್‌ಗಳಿರುತ್ತವೆ, ಅವುಗಳ ಕಸಿಯಿಂದ ಗುಣಪಡಿಸಬಹುದಾದ ಕಾಯಿಲೆಗಳ ಪಟ್ಟಿ ಉದ್ದವೇ ಇದೆ. ಆದರೆ ಅದರಲ್ಲಿ ಹೆಚ್ಚಿನವಕ್ಕೆ ಬೇಕಾಗುವುದು ಬೇರೆಯವರ ಸೆಲ್, ಮಗುವಿನದ್ದಲ್ಲ. ಥಲಸ್ಸೀಮಿಯಾ, ಸಿಕಲ್ ಸೆಲ್ ಇವೆಲ್ಲ ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆಗಳು, ಆ ದೋಷ ಹೊಕ್ಕುಳಬಳ್ಳಿ ರಕ್ತದಲ್ಲೂ ಇದ್ದೇ ಇರುತ್ತದೆ. ಬೀಜವೇ ಹುಳುಕಾಗಿದ್ದರೆ ಅದೇ ಚೀಲದ ಬೀಜವನ್ನು ಮತ್ತೆ ಬಿತ್ತಿ ಏನು ಬಂತು, ಅಲ್ವಾ? ಮಕ್ಕಳ ರಕ್ತದ ಕ್ಯಾನ್ಸರ್‌ನಲ್ಲೂ ಇದೇ ಕಥೆ: ಕಾಯಿಲೆಗೆ ದಾರಿ ಮಾಡುವ ಬದಲಾವಣೆ ಹಲವು ಮಕ್ಕಳಲ್ಲಿ ಹುಟ್ಟುವ ಹೊತ್ತಿಗೇ ರಕ್ತದಲ್ಲಿ ಇರುತ್ತದೆ. ಅದೂ ಅಲ್ಲದೆ ಬೇರೆಯವರ ಸೆಲ್ ಹಾಕಿದರೆ ಅವು ಉಳಿದುಕೊಂಡ ಕ್ಯಾನ್ಸರ್ ಸೆಲ್‌ಗಳನ್ನು ಹುಡುಕಿ ಹೊಡೆಯುತ್ತವೆ, ತನ್ನದೇ ಸೆಲ್‌ಗಳಿಗೆ ಆ ಜಗಳ ಬರುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ ಅಂತೆಲ್ಲ ಪುಸ್ತಕದಲ್ಲಿ ಹಾಕಿರುತ್ತಾರಲ್ಲ, ಅವೆಲ್ಲ ಇನ್ನೂ ಪ್ರಯೋಗದ ಹಂತ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಬೇಡ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿಯಾಗಿದೆ.

75 ವರ್ಷದ ಮಾತೂ ಅಷ್ಟೇ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ ನಿಜ, ಆದರೆ ಆ ಟ್ಯಾಂಕನ್ನು ನೋಡಿಕೊಳ್ಳುವವರು ಮನುಷ್ಯರೇ. ಸಿಂಗಪುರದಲ್ಲಿ 2023ರ ಕೊನೆಗೆ, ಇಂಥ ರಕ್ತ ಎತ್ತಿಡುವ ಒಂದು ಖಾಸಗಿ ಬ್ಯಾಂಕಿನ ಟ್ಯಾಂಕುಗಳಲ್ಲಿ ತಣ್ಣಗಿರಬೇಕಾದಷ್ಟು ತಣ್ಣಗಿರಲಿಲ್ಲ ಅಂತ ಅಲ್ಲಿನ ಆರೋಗ್ಯ ಸಚಿವಾಲಯ ಪತ್ತೆ ಮಾಡಿತು. ಒಂದೇ ಟ್ಯಾಂಕಿನಲ್ಲಿ ಸುಮಾರು 2,200 ಮಕ್ಕಳ ರಕ್ತ ಹಾಳಾಗಿತ್ತು. ಅಷ್ಟು ಕಟ್ಟುನಿಟ್ಟಿನ ಊರಿನಲ್ಲೇ ಹೀಗೆ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ಫೈಲ್‌ನವರು ಇದನ್ನು ಹೇಳುವುದೇ ಇಲ್ಲ. "ಹೇಗಿದ್ದರೂ ಕಸದ ಜೊತೆ ಎಸೆಯುವ ರಕ್ತ" ಅಂತಾರಲ್ಲ, ಅದು ಎಸೆಯುವ ರಕ್ತವೇ ಅಲ್ಲ. ಮಗು ಹೊರಬಂದ ಮೇಲೆ ಬಳ್ಳಿಯನ್ನು ತಕ್ಷಣ ಕತ್ತರಿಸದೆ ಒಂದರಿಂದ ಮೂರು ನಿಮಿಷ ಬಿಟ್ಟರೆ, ಮಾಸಿನಲ್ಲಿರುವ ರಕ್ತದಲ್ಲಿ 80ರಿಂದ 100 ಮಿಲಿ ಲೀಟರ್ ಮಗುವಿಗೇ ಹೋಗುತ್ತದೆ. ಮೂರು ಕೆಜಿ ಕೂಸಿನ ಮೈಯಲ್ಲಿ ಇರುವ ಒಟ್ಟು ರಕ್ತ ಸುಮಾರು 250 ಮಿಲಿ ಲೀಟರ್, ಇದು ಎಷ್ಟು ದೊಡ್ಡ ಪಾಲು ಅಂತ ನೀವೇ ನೋಡಿ. ಮೊದಲ ಕೆಲವು ತಿಂಗಳಿಗೆ ಬೇಕಾದ ಕಬ್ಬಿಣದಂಶ ಅದರಲ್ಲೇ ಬಂದುಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ಒಂದು ನಿಮಿಷಕ್ಕೆ ಮೊದಲು ಬಳ್ಳಿ ಕಟ್ಟಬೇಡಿ ಅನ್ನುತ್ತದೆ. ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ. ಬ್ಯಾಂಕಿನ ಚೀಲ ತುಂಬಬೇಕಾದರೆ ಬೇಗ ಕಟ್ಟಬೇಕು, ಮಗುವಿಗೆ ಸೇರಬೇಕಾದರೆ ಕಾಯಬೇಕು. ನೀವು ಡಾಕ್ಟರ್ ಹತ್ತಿರ ಕೇಳಬೇಕಾದ್ದು ಇದನ್ನೇ: "ಮಗು ಅತ್ತು ಚೆನ್ನಾಗಿದ್ದರೆ ಬಳ್ಳಿ ಕತ್ತರಿಸುವ ಮೊದಲು ಸ್ವಲ್ಪ ಕಾಯ್ತೀರಾ?" ಸಿಸೇರಿಯನ್ ಆದರೂ ಕೇಳಬಹುದು. ಅತ್ತೆಯವರಿಗೂ ಹೀಗೇ ಹೇಳಿ, ಮೊಮ್ಮಗುವಿನ ರಕ್ತ ಮೊಮ್ಮಗುವಿಗೇ ಕೊಡಿಸ್ತಿದ್ದೀವಿ ಅಂತ. ಅವರಿಗೆ ಖಂಡಿತ ಹಿಡಿಸುತ್ತದೆ.

ಪ್ರಶ್ನೆ: ಸರ್, ನಮ್ಮ ದೊಡ್ಡ ಮಗನಿಗೆ ನಾಲ್ಕು ವರ್ಷ, ಥಲಸ್ಸೀಮಿಯಾ ಮೇಜರ್. ತಿಂಗಳಿಗೊಮ್ಮೆ ರಕ್ತ ಹಾಕಿಸುತ್ತೇವೆ. ಈಗ ಹೆಂಡತಿಗೆ ಎರಡೂವರೆ ತಿಂಗಳು. ಹುಟ್ಟುವ ಮಗುವಿನ ಹೊಕ್ಕುಳಬಳ್ಳಿ ರಕ್ತದಿಂದ ದೊಡ್ಡವನು ವಾಸಿಯಾಗುತ್ತಾನೆ ಅಂತ ಒಬ್ಬರು ಹೇಳಿದರು. ನಿಜವೇ?
— ಒಬ್ಬ ತಂದೆ, ಕಲಬುರಗಿ

ಉತ್ತರ: ಮೇಲೆ ನಾನು ಹೇಳಿದ "ಬೇಡ" ನಿಮಗಲ್ಲ. ಹೊಕ್ಕುಳಬಳ್ಳಿ ರಕ್ತದ ಚಿಕಿತ್ಸೆ ಶುರುವಾದದ್ದೇ ನಿಮ್ಮಂಥ ಮನೆಯಿಂದ. 1988ರಲ್ಲಿ ಪ್ಯಾರಿಸ್‌ನಲ್ಲಿ ಡಾ. ಎಲಿಯಾನ್ ಗ್ಲುಕ್‌ಮನ್ ಅವರ ತಂಡ, ಫ್ಯಾಂಕೋನಿ ಅನೀಮಿಯಾ ಅನ್ನುವ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇದ್ದ ಐದು ವರ್ಷದ ಹುಡುಗನಿಗೆ ಅವನ ಪುಟ್ಟ ತಂಗಿಯ ಹೊಕ್ಕುಳಬಳ್ಳಿ ರಕ್ತ ಹಾಕಿ ಗುಣಪಡಿಸಿತು. ಮನೆಯಲ್ಲಿ ಆಗಲೇ ಕಾಯಿಲೆಯ ಮಗು ಇದ್ದರೆ ತಮ್ಮನದ್ದೋ ತಂಗಿಯದ್ದೋ ರಕ್ತ ಎತ್ತಿಡುವುದನ್ನು ಐಸಿಎಂಆರ್, ಐಎಪಿ ಎರಡೂ ಒಪ್ಪುತ್ತವೆ.

ಆದರೆ ಆ ಒಬ್ಬರು ಹೇಳಿದಷ್ಟು ಸಲೀಸಲ್ಲ. ಮೊದಲ ಕೆಲಸ, ಈ ಮಗುವಿಗೂ ಥಲಸ್ಸೀಮಿಯಾ ಮೇಜರ್ ಇದೆಯಾ ಅಂತ ನೋಡಿಸುವುದು. ನೀವಿಬ್ಬರೂ ಕ್ಯಾರಿಯರ್, ಅಂದರೆ ಕಾಯಿಲೆ ಕಾಣದಿದ್ದರೂ ಅದರ ದೋಷ ನಿಮ್ಮಿಬ್ಬರಲ್ಲೂ ಇದೆ, ಹಾಗಾಗಿ ನಾಲ್ಕರಲ್ಲಿ ಒಂದು ಪಾಲು ಆ ಸಾಧ್ಯತೆ ಇದೆ. ಗರ್ಭದ ಮಾಸಿನಿಂದ ಚೂರು ತೆಗೆದು ಮಾಡುವ ಸಿವಿಎಸ್ ಪರೀಕ್ಷೆಗೆ ಇದೇ ಸಮಯ, ಮುಂದಿನ ತಿಂಗಳು ನೋಡೋಣ ಅನ್ನಬೇಡಿ. ಎರಡನೆಯದು ಎಚ್‌ಎಲ್‌ಎ ಹೊಂದಾಣಿಕೆ, ಅಂದರೆ ಒಬ್ಬರ ಸೆಲ್ ಇನ್ನೊಬ್ಬರ ಮೈಗೆ ಒಗ್ಗುತ್ತದಾ ಅಂತ ಹೇಳುವ ಗುರುತುಗಳು ಕೂಡಿಬರುವುದು. ಒಡಹುಟ್ಟಿದವರಲ್ಲಿ ಅದು ಪೂರ್ತಿ ಕೂಡಿಬರುವುದೂ ನಾಲ್ಕರಲ್ಲಿ ಒಂದು ಸಲ. ಎರಡೂ ಸೇರಿಸಿ ಲೆಕ್ಕ ಹಾಕಿದರೆ, ಮಗು ಕಾಯಿಲೆ ಇಲ್ಲದೆಯೂ ಇರಬೇಕು, ಅಣ್ಣನಿಗೆ ಹೊಂದಲೂ ಬೇಕು ಅಂದರೆ ಹದಿನಾರರಲ್ಲಿ ಮೂರು ಪಾಲು. ಆಸೆ ಇಟ್ಟುಕೊಳ್ಳಿ, ಆದರೆ ಈ ಲೆಕ್ಕ ನಿಮ್ಮ ಹೆಂಡತಿಗೂ ಈಗಲೇ ಗೊತ್ತಿರಲಿ.

ಬ್ಯಾಂಕಿನವರ ಹತ್ತಿರ ಹೋಗುವ ಮೊದಲು ಕಸಿ ಮಾಡುವ ಆಸ್ಪತ್ರೆಯ ರಕ್ತರೋಗ ತಜ್ಞರನ್ನು ನೋಡಿ. ಬೆಂಗಳೂರಿನಲ್ಲಿ ಅಂಥ ಆಸ್ಪತ್ರೆಗಳು ಇವೆ. ರಕ್ತ ಎಷ್ಟು ಸಿಕ್ಕಿತು, ದೊಡ್ಡವನ ತೂಕಕ್ಕೆ ಸೆಲ್ ಸಾಕಾ ಅನ್ನುವುದನ್ನು ಹೇಳಬೇಕಾದವರು ಅವರು. ಸಾಕಾಗದಿದ್ದರೆ ಪುಟ್ಟ ಮಗು ಸ್ವಲ್ಪ ದೊಡ್ಡದಾದ ಮೇಲೆ ಅದರ ಬೋನ್ ಮ್ಯಾರೋ ಕೂಡ ಸೇರಿಸಿ ಮಾಡಬಹುದು. ಪದೇಪದೇ ರಕ್ತ ಹಾಕಿಸುವುದರಿಂದ ಮೈಯಲ್ಲಿ ಕಬ್ಬಿಣ ಸೇರುತ್ತಾ ಹೋಗುತ್ತದೆ, ಹಾಗಾಗಿ ಅಲ್ಲಿಯವರೆಗೆ ದೊಡ್ಡವನ ಕಬ್ಬಿಣ ಇಳಿಸುವ ಮಾತ್ರೆ ಒಂದು ದಿನವೂ ತಪ್ಪಬಾರದು. ಕಬ್ಬಿಣ ಜಾಸ್ತಿ ತುಂಬಿ ಲಿವರ್ ಕೆಟ್ಟಿದ್ದರೆ ಕಸಿಯೇ ಕಷ್ಟವಾಗುತ್ತದೆ.

ಪ್ರಶ್ನೆ: ಸ್ವಂತಕ್ಕೆ ಬೇಡ, ಸುಮ್ನೆ ದಾನ ಮಾಡೋಣ ಅಂತಿದ್ದೇವೆ. ಬ್ಯಾಂಕಿನವರು "ಕಮ್ಯುನಿಟಿ ಸ್ಕೀಮ್‌ಗೆ ಸೇರಿ, ಅದೂ ದಾನವೇ" ಅಂತಾರೆ. ಹೌದಾ? ಬಳ್ಳಿಯ ತುಂಡನ್ನೂ ಇಡಿ ಅಂತಿದ್ದಾರೆ.
— ಓದುಗ ದಂಪತಿ, ಮೈಸೂರು

ಉತ್ತರ: ದಾನ ಅಂದರೆ ನಿಮ್ಮ ಜೇಬಿನಿಂದ ಒಂದು ರೂಪಾಯಿಯೂ ಹೋಗಬಾರದು. ದುಡ್ಡು ಕಟ್ಟಿಸಿಕೊಂಡು, ಸದಸ್ಯರು ಸದಸ್ಯರು ಹಂಚಿಕೊಳ್ಳುವುದು ಸ್ಕೀಮ್, ದಾನ ಅಲ್ಲ. ಬಳ್ಳಿಯ ತುಂಡು, ಹಲ್ಲು, ಮುಟ್ಟಿನ ರಕ್ತ ಇಂಥವನ್ನು ಎತ್ತಿಡಲು ನಮ್ಮ ದೇಶದಲ್ಲಿ ಪರವಾನಗಿಯೇ ಇಲ್ಲ, ಲೈಸೆನ್ಸ್ ಇರುವುದು ಹೊಕ್ಕುಳಬಳ್ಳಿ ರಕ್ತಕ್ಕೆ ಮಾತ್ರ. ನಿಜವಾಗಿ ದಾನ ತೆಗೆದುಕೊಳ್ಳುವ ಸಾರ್ವಜನಿಕ ಬ್ಯಾಂಕುಗಳು ನಮ್ಮಲ್ಲಿ ಬಹಳ ಕಡಿಮೆ, ಅವು ತಮ್ಮ ಜೊತೆ ಒಪ್ಪಂದ ಇರುವ ಆಸ್ಪತ್ರೆಗಳಿಂದ ಮಾತ್ರ ಸಂಗ್ರಹಿಸುತ್ತವೆ. ನಿಮ್ಮ ಹೆರಿಗೆ ಆಸ್ಪತ್ರೆಗೆ ಆ ಒಪ್ಪಂದ ಇದ್ದರೆ ಸಂತೋಷವಾಗಿ ಕೊಡಿ, ಬಳ್ಳಿ ಕತ್ತರಿಸಲು ಆತುರ ಮಾಡುವುದಿಲ್ಲ ಅಂತ ಮೊದಲೇ ಖಚಿತ ಮಾಡಿಕೊಂಡು. ಇಲ್ಲದಿದ್ದರೆ ಅಲ್ಲಿಗೆ ಬಿಡಿ.

ದಾನದ ಮನಸ್ಸು ಇದೆಯಲ್ಲ, ಅದನ್ನು ಗಂಡ ತನ್ನ ಮೇಲೆ ಹಾಕಿಕೊಳ್ಳಲಿ. ಬೆಂಗಳೂರಿನ ಡಿಕೆಎಂಎಸ್ ಇಂಡಿಯಾ, ಚೆನ್ನೈನ ದಾತ್ರಿ, ಇವು ಸ್ಟೆಮ್ ಸೆಲ್ ದಾನಿಗಳ ಹೆಸರು ಬರೆದುಕೊಳ್ಳುವ ಸಂಸ್ಥೆಗಳು. ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿ ಕೊಟ್ಟರೆ ನೋಂದಣಿ ಮುಗಿಯಿತು. ಮುಂದೆ ಯಾರಿಗಾದರೂ ನಿಮ್ಮದು ಹೊಂದಿದರೆ ಕರೆಯುತ್ತಾರೆ, ಹೆಚ್ಚಿನ ಸಲ ತೋಳಿನ ರಕ್ತನಾಳದಿಂದಲೇ ಕೆಲವು ಗಂಟೆಗಳಲ್ಲಿ ತೆಗೆಯುತ್ತಾರೆ. ಹೊಂದಾಣಿಕೆ ಸಿಗುವುದು ಸಾಮಾನ್ಯವಾಗಿ ನಮ್ಮ ಕಡೆಯವರಿಗೆ ನಮ್ಮ ಕಡೆಯವರದ್ದೇ, ಪಟ್ಟಿಯಲ್ಲಿ ನಮ್ಮವರ ಹೆಸರು ಇನ್ನೂ ಕಡಿಮೆ. ಹೆಂಡತಿ ಬಾಣಂತನ ಮುಗಿಸಿ ಗಟ್ಟಿಯಾದ ಮೇಲೆ ಸೇರಬಹುದು, ಅವಸರ ಇಲ್ಲ.