‘ಸವಲತ್ತು’ ಅನ್ನುವ ಪದ ತೆಗೆಯಿರಿ

ನಮಸ್ಕಾರ.

ಅಲ್ಪಸಂಖ್ಯಾತರ ಹಕ್ಕುಗಳಿಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಇರುವ ರಕ್ಷಣೆಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ‘ಅನಾದಿ ಕಾಲದಿಂದಲೂ ಮಾನವನು’ ಅಂತ ಶುರುವಾಗುವ ಆ ಭಾಗದಲ್ಲಿ ನೀವೇ ಯೋಚಿಸಿ ಬರೆದ ಸಾಲು ಒಂದೂ ಇಲ್ಲ. ಆಮೇಲೆ ಬರುವುದು ಒಪ್ಪಂದಗಳ ಸಾಲು. ಹೆಸರು, ಇಸವಿ, ಮತ್ತೆ ಹೆಸರು, ಮತ್ತೆ ಇಸವಿ. ಇಷ್ಟೆಲ್ಲ ಓದಿದರೂ ಈ ಹಕ್ಕು ಬೇಕಾದ ಒಬ್ಬ ಮನುಷ್ಯನೂ ಎದುರಿಗೆ ಬರುವುದಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಒಂದು ಪದದ್ದು. ಅಲ್ಪಸಂಖ್ಯಾತರಿಗೆ ‘ವಿಶೇಷ ಸವಲತ್ತು’ ಅಂತ ನಾಲ್ಕು ಕಡೆ ಬರೆದಿದ್ದೀರಿ. ಬಹುಸಂಖ್ಯಾತರ ಹತ್ತಿರ ಇಲ್ಲದ್ದನ್ನು ಯಾರೋ ದಯೆಯಿಂದ ಇವರಿಗೆ ಕೊಟ್ಟ ಹಾಗೆ ಅದು ಕೇಳಿಸುತ್ತದೆ. ಅದು ತಪ್ಪು ಅಂತ ತೋರಿಸುವ ಪ್ರಕರಣ ನಿಮ್ಮ ಲೇಖನದಲ್ಲೇ ಇದೆ. ಐದನೇ ಪುಟದಲ್ಲಿ, ಒಂದೇ ಸಾಲಿನಲ್ಲಿ! ಅಲ್ಬೇನಿಯಾದ ಶಾಲೆಗಳದ್ದು.

ಅದನ್ನು ಬಿಡಿಸಿ ಬರೆಯಿರಿ. ಅಲ್ಪಸಂಖ್ಯಾತರು ತಮ್ಮ ಖರ್ಚಿನಲ್ಲಿ ತಮ್ಮ ಶಾಲೆಗಳನ್ನು ನಡೆಸಬಹುದು ಅಂತ 1921ರಲ್ಲಿ ಅಲ್ಬೇನಿಯಾ, ವಿಶ್ವಸಂಸ್ಥೆಗೂ ಮುಂಚೆ ಇದ್ದ ದೇಶಗಳ ಒಕ್ಕೂಟ ಲೀಗ್ ಆಫ್ ನೇಷನ್ಸ್‌ಗೆ ಮಾತು ಕೊಟ್ಟಿತ್ತು. 1933ರಲ್ಲಿ ಸಂವಿಧಾನ ತಿದ್ದಿ ದೇಶದ ಖಾಸಗಿ ಶಾಲೆಗಳನ್ನೆಲ್ಲ ರದ್ದು ಮಾಡಿತು. ಗ್ರೀಕ್ ಭಾಷೆಯವರ ಶಾಲೆಗಳೂ ಹೋದವು. ಕೇಳಿದರೆ ಸರ್ಕಾರದ ಉತ್ತರ ಇದು: ಎಲ್ಲರ ಖಾಸಗಿ ಶಾಲೆಯನ್ನೂ ಮುಚ್ಚಿದ್ದೇವೆ, ಇದರಲ್ಲಿ ಭೇದ ಎಲ್ಲಿದೆ? ಕೇಳಲು ನ್ಯಾಯವಾಗೇ ಇದೆ, ಅಲ್ವಾ?

ಈಗ ಇಬ್ಬರು ಮಕ್ಕಳನ್ನು ಕಲ್ಪಿಸಿಕೊಳ್ಳಿ. ಇಬ್ಬರ ಶಾಲೆಗೂ ಬೀಗ ಬಿದ್ದಿದೆ. ಅಲ್ಬೇನಿಯನ್ ಮಗು ಸರ್ಕಾರಿ ಶಾಲೆಗೆ ಹೋಗುತ್ತದೆ. ಅಲ್ಲಿನ ಮೇಷ್ಟ್ರು ಮಾತಾಡುವುದು ಅದರ ಮನೆಯ ಮಾತನ್ನೇ. ಗ್ರೀಕ್ ಮಗುವೂ ಅದೇ ಶಾಲೆಗೆ ಹೋಗಿ ಅದೇ ಬೆಂಚಿನಲ್ಲಿ ಕೂರುತ್ತದೆ. ಆದರೆ ಅದರ ಅಮ್ಮನ ಭಾಷೆಯಲ್ಲಿ ಪಾಠ ಹೇಳುವವರು ಅಲ್ಲಿ ಯಾರೂ ಇಲ್ಲ. ನಿಯಮ ಒಂದೇ, ಕಳೆದುಕೊಂಡದ್ದು ಒಂದೇ ಅಲ್ಲ. ಹೇಗ್‌ನಲ್ಲಿದ್ದ ಅಂದಿನ ಅಂತರರಾಷ್ಟ್ರೀಯ ನ್ಯಾಯಾಲಯ 1935ರ ಏಪ್ರಿಲ್‌ನಲ್ಲಿ ಇದನ್ನೇ ಹೇಳಿತು. ಕಾನೂನಿನ ಸಮಾನತೆ ಸಾಲದು, ಬದುಕಿನಲ್ಲೂ ಸಮಾನತೆ ಇರಬೇಕು ಅಂತ. ಎಂಟು ನ್ಯಾಯಾಧೀಶರು ಈ ಕಡೆ, ಮೂವರು ಆ ಕಡೆ. ಬಹುಸಂಖ್ಯಾತರಿಗೆ ಕೇಳದೆಯೇ ಸಿಗುವುದನ್ನು ಅಲ್ಪಸಂಖ್ಯಾತರು ಹೋರಾಡಿ ಉಳಿಸಿಕೊಳ್ಳಬೇಕು. ಅದನ್ನು ಸವಲತ್ತು ಅಂತ ಹೇಗೆ ಕರೆಯುತ್ತೀರಿ? ನಿಮ್ಮ ಲೇಖನ ಇಲ್ಲಿಂದಲೇ ಶುರುವಾಗಲಿ.

ಕೆಲವು ತಪ್ಪುಗಳನ್ನೂ ಹೇಳಿಬಿಡುತ್ತೇನೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯಲ್ಲಿ ಅಲ್ಪಸಂಖ್ಯಾತರಿಗೆ ಅಂತಲೇ ಒಂದು ವಿಧಿ ಇದೆ ಅಂದಿದ್ದೀರಿ. ಇಲ್ಲ. ಅದು ಬಂದದ್ದು 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿಯಲ್ಲಿ, ಜಾರಿಯಾದದ್ದು 1976ರಲ್ಲಿ. ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 1992ರಲ್ಲಿ ಹೊರಡಿಸಿದ ಘೋಷಣೆಯನ್ನು ‘ಕಾನೂನು’ ಅಂದಿದ್ದೀರಿ. ಅದು ಘೋಷಣೆ ಅಷ್ಟೇ, ಯಾವ ದೇಶವನ್ನೂ ಕಟ್ಟಿಹಾಕುವುದಿಲ್ಲ. ಇನ್ನು ಫ್ರಾನ್ಸ್ 27ನೇ ವಿಧಿ ತನಗೆ ಅನ್ವಯಿಸುವುದೇ ಇಲ್ಲ ಅಂತ ಹೇಳಿಕೊಂಡಿದೆ. ಒಪ್ಪದವರ ವಾದವನ್ನೂ ಹಾಕಿ. ಅದನ್ನು ಮುಚ್ಚಿಟ್ಟರೆ ನಿಮ್ಮ ವಾದವೇ ಸೊರಗುತ್ತದೆ.

27ನೇ ವಿಧಿಯನ್ನು ಮಾತ್ರ ನಿಧಾನವಾಗಿ ಓದಿ. ತಮ್ಮ ಸಂಸ್ಕೃತಿ, ಧರ್ಮ, ಭಾಷೆಯ ಜೊತೆ ಬದುಕುವುದನ್ನು ಅದು ಗುಂಪಿನ ಹಕ್ಕು ಅನ್ನುವುದಿಲ್ಲ, ಗುಂಪಿಗೆ ಸೇರಿದ ವ್ಯಕ್ತಿಗಳ ಹಕ್ಕು ಅನ್ನುತ್ತದೆ. ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ತಿಳಿಯಲು ಸಾಂಡ್ರಾ ಲವ್‌ಲೇಸ್ ಕಥೆ ಬೇಕು. ಕೆನಡಾದ ಟೊಬೀಕ್ ಎಂಬ ಮೂಲನಿವಾಸಿ ವಸತಿಯಲ್ಲಿ ಹುಟ್ಟಿದವರು. 1970ರಲ್ಲಿ ಸಮುದಾಯದ ಹೊರಗಿನವರನ್ನು ಮದುವೆಯಾದರು. ಅಷ್ಟಕ್ಕೇ ‘ಇಂಡಿಯನ್’, ಅಂದರೆ ಮೂಲನಿವಾಸಿ, ಅನ್ನುವ ಕಾನೂನಿನ ಗುರುತು ಹೋಯಿತು. ಅದೇ ಸಮುದಾಯದ ಗಂಡಸು ಹೊರಗಿನವಳನ್ನು ಮದುವೆಯಾದರೆ ಏನೂ ಆಗುತ್ತಿರಲಿಲ್ಲ. ಮದುವೆ ಮುರಿದು ಅವರು ಹುಟ್ಟೂರಿಗೆ ಮರಳಿದರೆ, ಅಲ್ಲಿ ಇರುವ ಹಕ್ಕು ಕಾನೂನಿನ ಪ್ರಕಾರ ಇಲ್ಲವಾಗಿತ್ತು. ಅವರೊಬ್ಬರೇ ಕೊಟ್ಟ ದೂರಿನ ಮೇಲೆ 1981ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಇದು 27ನೇ ವಿಧಿಯ ಉಲ್ಲಂಘನೆ ಅಂದಿತು. ಅವರ ಭಾಷೆ, ಅವರ ಜನರ ಬದುಕು ಟೊಬೀಕ್ ಬಿಟ್ಟು ಬೇರೆಲ್ಲೂ ಅವರಿಗೆ ಸಿಗುವಂತಿರಲಿಲ್ಲ. ಆ ಸಮಿತಿಗೆ ಪೊಲೀಸರಿಲ್ಲ, ದಂಡ ಹಾಕುವ ಅಧಿಕಾರವಿಲ್ಲ. ಆದರೂ 1985ರಲ್ಲಿ ಕೆನಡಾ ಆ ಕಾನೂನು ತಿದ್ದಿತು. ‘ಇವೆಲ್ಲ ಬರೀ ಕಾಗದದ ಮಾತು’ ಅಂತ ಕೊನೆಯಲ್ಲಿ ನೀವು ಬರೆದಿರುವುದು ನನಗೆ ಒಪ್ಪಿಗೆಯಾಗದಿರಲು ಇದೇ ಕಾರಣ.

ಉಳಿದ ಒಪ್ಪಂದಗಳಲ್ಲಿ ಒಂದೆರಡು ಇರಲಿ, ಜಾಸ್ತಿ ಬೇಡ. ಭಾಷೆ ಬಗ್ಗೆಯೂ ಒಂದು ಮಾತು: ‘ಸಂರಕ್ಷಿಸಲ್ಪಡಬೇಕಾಗಿದೆ’ ಅಂತ ಬರೆದ ಕಡೆಯೆಲ್ಲ ಯಾರು ಕಾಪಾಡಬೇಕು ಅಂತ ಕೇಳಿಕೊಳ್ಳಿ. ಸರ್ಕಾರವಾದರೆ ಸರ್ಕಾರ ಅಂತಲೇ ಬರೆಯಿರಿ.

ಆತುರ ಬೇಡ, ತಿಂಗಳಾದರೂ ಪರವಾಗಿಲ್ಲ. ತಿದ್ದಿದ ಪ್ರತಿಯನ್ನು ನನಗೇ ಕಳಿಸಿ.