ಅಡ್ಡಹೆಸರು ಬದಲಾಯಿಸುವ ಮೊದಲು ಮದುವೆ ನೋಂದಣಿ

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕು. ಮದುವೆಯಾಗಿ ಎಂಟು ತಿಂಗಳಾಯಿತು, ನೋಂದಣಿ ಇನ್ನೂ ಮಾಡಿಸಿಲ್ಲ. ನನ್ನ ದಾಖಲೆಗಳಲ್ಲೆಲ್ಲ ತವರಿನ ಅಡ್ಡಹೆಸರು ಬಿರಾದಾರ ಅಂತಿದೆ. ಅತ್ತೆಮನೆಯವರು ಪಾಟೀಲ ಅಂತ ಮಾಡಿಸು ಅನ್ನುತ್ತಾರೆ. ಶಿಕ್ಷಕರ ನೇಮಕಾತಿಗೆ ಓದುತ್ತಿದ್ದೇನೆ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರವಿದೆ. ಹೆಸರು ಬದಲಾದರೆ ಅದು ಹೋಗುತ್ತದೆಯೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಮದುವೆಯಾದ ಮೇಲೆ ಗಂಡನ ಅಡ್ಡಹೆಸರು ಇಟ್ಟುಕೊಳ್ಳಲೇಬೇಕು ಎನ್ನುವ ಕಾನೂನು ಇಲ್ಲ. ಜಂಟಿ ಖಾತೆ ತೆರೆಯಲು, ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿಸಲು ಬಿರಾದಾರ ಎಂದೇ ಇದ್ದರೂ ನಡೆಯುತ್ತದೆ. ಹಾಗಾಗಿ ಇದು ನೀವು ಒಪ್ಪಿ ಮಾಡಬೇಕಾದ ಕೆಲಸ, ಅವಸರ ಬೇಡ.

ಸಹಾಯಕ ಆಯುಕ್ತರು ಕೊಡುವ 371(ಜೆ) ಪ್ರಮಾಣಪತ್ರ ನೀವು ಈ ಭಾಗದವರು ಎಂಬುದಕ್ಕೆ ಸಂಬಂಧಿಸಿದ್ದು. ಅಡ್ಡಹೆಸರು ಬದಲಾದ ಮಾತ್ರಕ್ಕೆ ಆ ಅರ್ಹತೆ ಹೋಗುವುದಿಲ್ಲ. ಜಾತಿಯೂ ಹುಟ್ಟಿನಿಂದ ಬಂದದ್ದು, ಮದುವೆಯಿಂದ ಬದಲಾಗದು. ಈ ಎರಡರ ಪ್ರಮಾಣಪತ್ರಗಳನ್ನೂ, ಎಸ್ಸೆಸ್ಸೆಲ್ಸಿ ಮತ್ತು ಪದವಿ ಅಂಕಪಟ್ಟಿಗಳನ್ನೂ ಹಳೆಯ ಹೆಸರಿನಲ್ಲೇ ಬಿಡಿ. ನೇಮಕಾತಿ ಅರ್ಜಿಯಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರನ್ನೇ ಬರೆಯಬೇಕು. ಈಗಲೇ ಆಧಾರ್ ಬದಲಾಯಿಸಿದರೆ ಪ್ರವೇಶಪತ್ರದಲ್ಲಿ ಬಿರಾದಾರ, ಗುರುತಿನ ಚೀಟಿಯಲ್ಲಿ ಪಾಟೀಲ ಎಂದಾಗಿ ಪರೀಕ್ಷಾ ಕೇಂದ್ರದ ಬಾಗಿಲಲ್ಲೇ ತಕರಾರು ಶುರುವಾಗಬಹುದು. ನನ್ನ ಸಲಹೆ: ದಾಖಲೆ ಪರಿಶೀಲನೆ ಮುಗಿಯುವವರೆಗೆ ಆಧಾರ್ ಮುಟ್ಟಬೇಡಿ.

ಮದುವೆ ನೋಂದಣಿಯನ್ನು ಮಾತ್ರ ಈಗಲೇ ಮಾಡಿಸಿ. ಲಗ್ನಪತ್ರಿಕೆ, ಮದುವೆ ಫೋಟೋ, ಇಬ್ಬರ ವಯಸ್ಸು ಮತ್ತು ವಿಳಾಸದ ದಾಖಲೆ ಹಿಡಿದು, ಸಾಕ್ಷಿಗಳ ಸಮೇತ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ. ಅಲ್ಲಿ ವಧುವಿನ ಹೆಸರು ಎಸ್ಸೆಸ್ಸೆಲ್ಸಿಯಲ್ಲಿ ಇದ್ದಂತೆಯೇ, ಅಕ್ಷರ ಬಿಡದೆ, ಬಿರಾದಾರ ಎಂದೇ ಬರೆಸಿ. ಬಹಳ ಮಂದಿ ಎಡವುವುದು ಇಲ್ಲೇ. ಹೇಗೂ ಬದಲಾಗುತ್ತದಲ್ಲ ಎಂದು ಪಾಟೀಲ ಅಂತ ಬರೆಸಿಬಿಡುತ್ತಾರೆ. ಬಿರಾದಾರ ಎಂಬ ಹುಡುಗಿ ಈ ಮನೆಗೆ ಮದುವೆಯಾಗಿ ಬಂದಳು ಎಂದು ತೋರಿಸಬೇಕಾದ ಕಾಗದದಲ್ಲೇ ಹಳೆಯ ಹೆಸರಿಲ್ಲದಿದ್ದರೆ, ಅಂಕಪಟ್ಟಿಗೂ ಹೊಸ ಆಧಾರಿಗೂ ಕೊಂಡಿ ತಪ್ಪುತ್ತದೆ. ಸಹಿ ಹಾಕುವ ಮೊದಲು ಕರಡು ಪ್ರತಿಯನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಓದಿ ನೋಡಿ.

ನೇಮಕಾತಿ ಮುಗಿದ ಮೇಲೆ ಮೊದಲು ಆಧಾರ್. ಮದುವೆ ಪ್ರಮಾಣಪತ್ರವೇ ಪುರಾವೆಯಾಗುತ್ತದೆ. ಜೀವನದಲ್ಲಿ ಎರಡೇ ಸಲ ಹೆಸರು ಬದಲಾಯಿಸಲು ಅವಕಾಶ, ಆದ್ದರಿಂದ ಇಂಗ್ಲಿಷ್ ಕಾಗುಣಿತವನ್ನು ಗಂಡನ ಆಧಾರ್ ನೋಡಿಯೇ ಬರೆಯಿರಿ. ನಂತರ ಪ್ಯಾನ್. ಆಧಾರಿನಲ್ಲಿ ಹೆಸರು ಒಂದೇ ಸಾಲು. ಪ್ಯಾನ್ ಅರ್ಜಿಯಲ್ಲಿ ಅಡ್ಡಹೆಸರು, ಸ್ವಂತ ಹೆಸರು, ನಡುವಿನ ಹೆಸರಿಗೆ ಬೇರೆ ಬೇರೆ ಮನೆಗಳಿವೆ, ಮೊದಲ ಎರಡರಲ್ಲಿ ಇನಿಷಿಯಲ್ ನಡೆಯದು. ನಮ್ಮ ಕಡೆ ತಂದೆಯ ಅಥವಾ ಗಂಡನ ಹೆಸರನ್ನು ನಡುವೆ ಹಾಕುವ ರೂಢಿ ಇರುವುದರಿಂದ ಆಧಾರಿನಲ್ಲಿ ಅದನ್ನು ಹಾಕಿಸಿ ಪ್ಯಾನ್‌ನಲ್ಲಿ ಬಿಟ್ಟರೆ ಎರಡೂ ತಾಳೆಯಾಗುವುದಿಲ್ಲ. ಪ್ಯಾನ್ ಸಂಖ್ಯೆ ಹಳೆಯದೇ ಇರುತ್ತದೆ, ಹೊಸ ಪ್ಯಾನ್‌ಗೆ ಅರ್ಜಿ ಹಾಕಬೇಡಿ.

ಆಮೇಲೆ ಬ್ಯಾಂಕು, ಸಹಿ ಬದಲಾದರೆ ಹೊಸ ಮಾದರಿ ಸಹಿಯನ್ನೂ ಕೊಡಿ. ಮತದಾರರ ಚೀಟಿಗೆ ನಮೂನೆ 8.

ಪ್ರಶ್ನೆ: ಬಸವಕಲ್ಯಾಣದವಳು. ಮದುವೆ ಪ್ರಮಾಣಪತ್ರದಲ್ಲೇ ಹೊಸ ಅಡ್ಡಹೆಸರು ಬಂದಿದೆ. ಈಗ ಏನು ಮಾಡಲಿ?

ಉತ್ತರ: ಎರಡೂ ಹೆಸರಿನವರು ಒಬ್ಬರೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ. ಅದರಲ್ಲಿ ಎರಡೂ ಹೆಸರು, ತಂದೆಯ ಹೆಸರು, ಗಂಡನ ಹೆಸರು, ಹುಟ್ಟಿದ ದಿನಾಂಕ ಇರಲಿ; ಎಸ್ಸೆಸ್ಸೆಲ್ಸಿ ಪ್ರತಿ ಜೊತೆಗಿಡಿ. ಇದನ್ನು ಒಪ್ಪದ ಕಚೇರಿ ರಾಜ್ಯಪತ್ರದ ಪ್ರಕಟಣೆ ಕೇಳಬಹುದು. ಆಗ ಅಫಿಡವಿಟ್ ಜೊತೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಅರ್ಜಿ ಹಾಕಬೇಕು. ಆ ಪತ್ರಿಕೆಯ ಇಡೀ ಪುಟವನ್ನು ತೆಗೆದಿಡಿ; ಕತ್ತರಿಸಿದ ತುಣುಕಿನಲ್ಲಿ ದಿನಾಂಕ ಇರುವುದಿಲ್ಲ.