ಸೈಕಲ್‌ಗೂ ಟ್ಯೂಬ್‌ಲೆಸ್ ಹಾಕಿಸಲೇ?

ಪ್ರಶ್ನೆ: ನಾನು ಗುಲಬರ್ಗಾ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಸೇಡಂ ರಸ್ತೆಯಲ್ಲಿ ದಿನಾಲೂ ಗೇರ್ ಸೈಕಲ್ ಮೇಲೆ ಓಡಾಡುತ್ತೇನೆ. ತಿಂಗಳಿಗೆ ಎರಡು ಮೂರು ಸಲ ಪಂಚರ್, ಅದೂ ಬಹುತೇಕ ಹಿಂದಿನ ಗಾಲಿಯೇ. ಬೈಕ್‌ಗಳಿಗೆ ಇರುವಂತೆ ಟ್ಯೂಬ್‌ಲೆಸ್ ಹಾಕಿಸಿದರೆ ಈ ಕಾಟ ತಪ್ಪುತ್ತದೆಯೇ?
– ಓದುಗರು, ಕಲಬುರಗಿ

ಉತ್ತರ: ಸದ್ಯಕ್ಕೆ ಬೇಡ. ಬೈಕ್ ಟೈರು ದಪ್ಪ, ಒಳಮೈಗೆ ಹವಾ ಸೋರದ ರಬ್ಬರ್ ಪದರ ಇರುತ್ತದೆ. ಮೊಳೆ ಚುಚ್ಚಿದರೂ ಹವಾ ನಿಧಾನಕ್ಕೆ ಇಳಿಯುತ್ತದೆ. ಸೈಕಲ್ ಟೈರು ತೆಳು. ಅದರೊಳಗೆ ಸೀಲಂಟ್ ಎಂಬ ದ್ರವ ಹಾಕಲೇಬೇಕು, ತೂತು ಮುಚ್ಚುವುದು ಅದೇ. ಕೆಲವೇ ತಿಂಗಳಲ್ಲಿ ಅದು ಒಣಗುತ್ತದೆ, 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಂತೂ ಇನ್ನೂ ಬೇಗ. ಮೇಲಾಗಿ ರಿಮ್, ಟೈರು ಎರಡೂ ಟ್ಯೂಬ್‌ಲೆಸ್‌ಗೆಂದೇ ತಯಾರಾಗಿರಬೇಕು. ಸಾದಾ ರಿಮ್‌ಗೆ ಟೇಪ್ ಸುತ್ತಿ ಹೊಂದಿಸಿಕೊಡುತ್ತೇವೆ ಎಂದರೆ ದಯವಿಟ್ಟು ಒಪ್ಪಬೇಡಿ. ಹವಾ ಇಳಿದರೆ ಓಡುವ ಗಾಲಿಯಿಂದಲೇ ಟೈರು ಕಳಚಿಕೊಳ್ಳಬಹುದು.

ನನಗೆ ಅನುಮಾನ ಬಂದದ್ದು ನಿಮ್ಮ ಹಿಂದಿನ ಗಾಲಿಯ ಮೇಲೆ. ಅದರ ಮೇಲೆ ಭಾರ ಹೆಚ್ಚು, ನಿಜ. ಆದರೆ ಪದೇ ಪದೇ ಅದೇ ಗಾಲಿ ಎಂದರೆ ಜಾಲಿ ಮುಳ್ಳಿನ ತುದಿ ಮುರಿದು ಟೈರಿನಲ್ಲೇ ಉಳಿದಿರುವ ಸಾಧ್ಯತೆ ಬಹಳ. ಮುಂದಿನ ಸಲ ಟ್ಯೂಬ್ ಬಿಚ್ಚುವ ಮುಂಚೆ ವಾಲ್ವ್ ಇರುವ ಕಡೆ ಟೈರಿನ ಮೇಲೆ ಚಾಕ್‌ಪೀಸ್‌ನಿಂದ ಗುರುತು ಹಾಕಿ. ನೀರಿನಲ್ಲಿ ಗುಳ್ಳೆ ಎದ್ದ ಜಾಗ ವಾಲ್ವ್‌ನಿಂದ ಎಷ್ಟು ಗೇಣು ಎಂದು ನೋಡಿ, ಗುರುತಿನಿಂದ ಎರಡೂ ಕಡೆ ಅಷ್ಟೇ ದೂರದಲ್ಲಿ ಟೈರಿನ ಒಳಮೈ ಹುಡುಕಿ. ಹೊರಗಿನಿಂದ ಕಾಣುವುದು ಬರೀ ಕಪ್ಪು ಚುಕ್ಕೆ. ಒಳಗೆ ಹತ್ತಿ ಸವರಿದರೆ ಮುಳ್ಳಿಗೆ ಎಳೆ ಸಿಕ್ಕಿಕೊಳ್ಳುತ್ತದೆ. ಇಕ್ಕಳದಿಂದ ಕಿತ್ತುಹಾಕಿ. ಅದನ್ನು ಕೀಳದೆ ಎಷ್ಟು ಪ್ಯಾಚ್ ಹಾಕಿಸಿದರೂ ದುಡ್ಡು ದಂಡ.

ತೂತು ಟ್ಯೂಬಿನ ಒಳಬದಿಗೆ, ಕಡ್ಡಿಗಳ ಕಡೆಗಿದ್ದರೆ ರಿಮ್ ಪಟ್ಟಿ (ಕಡ್ಡಿಗಳ ತುದಿ ಟ್ಯೂಬಿಗೆ ತಾಗದಂತೆ ರಿಮ್ ಒಳಗೆ ಸುತ್ತಿರುವ ಪಟ್ಟಿ) ಸರಿದಿದೆ ಎಂದರ್ಥ. ಅಕ್ಕಪಕ್ಕ ಎರಡು ಸೀಳಿದ್ದರೆ ಹವಾ ಕಡಿಮೆ ಇತ್ತು, ತಗ್ಗಿನಲ್ಲಿ ಟ್ಯೂಬ್ ರಿಮ್‌ಗೆ ಒತ್ತಿ ಕತ್ತರಿಸಿದೆ. ಎಷ್ಟು ಹವಾ ಬೇಕೆಂದು ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ವಾರಕ್ಕೊಮ್ಮೆ ನೋಡಿಕೊಳ್ಳಿ.

ಖರ್ಚು ಮಾಡುವುದೇ ಆದರೆ ಒಳಗೆ ಪಂಚರ್ ತಡೆಯುವ ಪದರ ಇರುವ ಟೈರು ಕೊಳ್ಳಿ. ಉದ್ದನೆಯ ಜಾಲಿ ಮುಳ್ಳನ್ನು ಅದು ಪೂರ್ತಿ ತಡೆಯದು. ನೆಗ್ಗಿಲು ಮುಳ್ಳು, ಗಾಜಿನ ಚೂರುಗಳಿಂದ ಮಾತ್ರ ಚೆನ್ನಾಗಿ ಕಾಯುತ್ತದೆ. ವಾಲ್ವ್‌ನ ಒಳಪಿನ್ ಬಿಚ್ಚಿ ಟ್ಯೂಬಿಗೇ ಸೀಲಂಟ್ ಹಾಕಲೂಬಹುದು, ಆದರೆ ಆಮೇಲೆ ಒದ್ದೆಯಾದ ತೂತಿಗೆ ಪ್ಯಾಚ್ ಹಿಡಿಯುವುದು ಕಷ್ಟ.

ಹೊಲದ ದಾರಿ, ಕಲ್ಲುದಾರಿಯಲ್ಲಿ ಅಗಲ ಟೈರಿನ ಸೈಕಲ್ ಓಡಿಸುವವರಿಗೆ ಟ್ಯೂಬ್‌ಲೆಸ್ ಖಂಡಿತ ಒಳ್ಳೆಯದು. ಕಡಿಮೆ ಹವಾದಲ್ಲೂ ಓಡಿಸಬಹುದು, ಸಣ್ಣ ಮುಳ್ಳಿನ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಅಂಥವರೂ ಚೀಲದಲ್ಲಿ ಒಂದು ಟ್ಯೂಬ್ ಇಟ್ಟುಕೊಂಡಿರಬೇಕು. ಸೀಲಂಟ್‌ಗೆ ಬಗ್ಗದಷ್ಟು ಟೈರು ಹರಿದಾಗ ಅದನ್ನೇ ಹಾಕಿಕೊಂಡು ಊರು ಮುಟ್ಟಬೇಕಾಗುತ್ತದೆ.